ಐದು ವ್ಯಾಟಿನ ಗುಡುಗು

ಬಾಂಡ್ ಚಿತ್ರ ನೋಡದ ಪಡ್ಡೆ ಹುಡುಗ ನಮ್ಮಲ್ಲಿ ಯಾರಿದ್ದಾನೆ ಹೇಳಿ! ಆ ಗಿಟಾರು ಒಮ್ಮೆ ಶುರುವಾಯಿತೆಂದರೆ ಸಾಕು, ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ಕೈಯಲ್ಲೇ ಉಳಿಯುತ್ತದೆ. 1962ರ 'ಡಾಕ್ಟರ್ ನೋ' ಚಿತ್ರಕ್ಕೆ ಆ ಧಾಟಿ ಕೊಟ್ಟವರು ಮಾಂಟಿ ನಾರ್ಮನ್, ಅದನ್ನು ವಾದ್ಯಗಳಿಗೆ ಹೊಂದಿಸಿದವರು ಜಾನ್ ಬ್ಯಾರಿ, ಗಿಟಾರ್ ಮೀಟಿದವರು ವಿಕ್ ಫ್ಲಿಕ್. ಇಷ್ಟು ಹೆಸರು ಬಾಂಡ್ ಅಭಿಮಾನಿಗಳಿಗೆ ಬಾಯಿಪಾಠ. ಆದರೆ ಆ ಧ್ವನಿಮುದ್ರಣದಲ್ಲಿ ಇನ್ನೊಬ್ಬ ಕಲಾವಿದನಿದ್ದ. ಟೈಟಲ್ ಕಾರ್ಡಿನಲ್ಲಿ ಅವನ ಹೆಸರಿಲ್ಲ, ಸಂಭಾವನೆಯೂ ಇಲ್ಲ. ಅವನೇ ಫೆಂಡರ್ ಕಂಪನಿಯ 'ವೈಬ್ರೋಲಕ್ಸ್' ಎಂಬ ಆಂಪ್ಲಿಫೈಯರ್ ಪೆಟ್ಟಿಗೆ. ಗಿಟಾರಿನ ತಂತಿ ಹೊರಡಿಸುವುದು ಒಂದು ಪುಟ್ಟ ವಿದ್ಯುತ್ ನಡುಕವನ್ನು ಮಾತ್ರ. ಅದಕ್ಕೆ ಗಂಟಲು ಕೊಟ್ಟು ಗುಡುಗಿಸುವುದು ಈ ಪೆಟ್ಟಿಗೆಯೇ.

ನಮ್ಮ ಅಣ್ಣಾವ್ರು 1968ರಲ್ಲಿ 'ಜೇಡರ ಬಲೆ'ಯಲ್ಲಿ ಸಿ.ಐ.ಡಿ. 999 ಆಗಿ ಬಂದಾಗ ಜಿ.ಕೆ. ವೆಂಕಟೇಶ್ ಸಂಗೀತ ಕೊಟ್ಟರು. ಆ ಜಮಾನಾದ ಪತ್ತೇದಾರಿ ಚಿತ್ರಗಳಲ್ಲಿ ಗಿಟಾರಿಲ್ಲದ ಪತ್ತೇದಾರಿಯೇ ಇಲ್ಲ ಬಿಡಿ. ನಾವು ಹೀರೋನ ಟೋಪಿ ನೋಡಿದೆವು, ಕೋಟು ನೋಡಿದೆವು, ಆ ಸದ್ದು ಎಲ್ಲಿಂದ ಬಂತು ಅಂತ ಮಾತ್ರ ಕೇಳಲಿಲ್ಲ.

ಈ ವಾರ ಕೇಳುವ ಕಾಲ ಬಂದಿದೆ. ಹಾಸನದ ಕಡೆಯ ಓದುಗ ಮಿತ್ರರೊಬ್ಬರು ಕಾಗದ ಬರೆದಿದ್ದಾರೆ. ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವರು. ಅಮೆರಿಕದಲ್ಲಿದ್ದ ಅವರ ದೊಡ್ಡಪ್ಪ ತೀರಿಕೊಂಡ ಮೇಲೆ ಅಲ್ಲಿಂದ ಬಂದ ಸಾಮಾನಿನಲ್ಲಿ ಟ್ವೀಡ್ ಬಟ್ಟೆ ಹೊದಿಸಿದ ಒಂದು ಪುಟ್ಟ ಪೆಟ್ಟಿಗೆ ಸಿಕ್ಕಿದೆ. 'ಫೆಂಡರ್ ಚಾಂಪ್' ಅಂತ ಬರೆದಿದೆ. ಎಂಟಿಂಚಿನ ಸ್ಪೀಕರು, ಒಂದೇ ಒಂದು ನಾಬು. ಪೇಟೆಯ ಒಬ್ಬ ಅಂಗಡಿಯವರು, "ಒಳಗಿರೋದೆಲ್ಲ ಓಬೀರಾಯನ ಕಾಲದ್ದು ಸ್ವಾಮಿ, ಕಿತ್ತು ಹೊಸ ಬೋರ್ಡು ಕೂರಿಸಿ ಬ್ಲೂಟೂತ್ ಹಾಕಿಕೊಡ್ತೀವಿ" ಅಂದರಂತೆ. "ಹಾಕಿಸಿಬಿಡಲೇ? ಇಲ್ಲಾ ಮೊದಲು ಪ್ಲಗ್ಗಿಗೆ ಹಾಕಿ ನೋಡಲೇ?" ಅಂತ ಅವರ ಪ್ರಶ್ನೆ.

ಎರಡೂ ಬೇಡ ಮಾರಾಯ್ರೆ! ಬೋರ್ಡು ಹಾಕಿಸಿದರೆ ಪೆಟ್ಟಿಗೆ ಸಾಯುತ್ತದೆ. ಹಾಗೇ ಪ್ಲಗ್ಗಿಗೆ ಹಾಕಿದರೆ ಪೆಟ್ಟಿಗೆ ಸುಡುತ್ತದೆ, ನಿಮಗೂ ಅಪಾಯ. ಅದು ಅಮೆರಿಕದ ನೂರಾಹದಿನೇಳು ವೋಲ್ಟಿನ ಲೆಕ್ಕಕ್ಕೆ ಮಾಡಿದ್ದು. ನಮ್ಮ ಗೋಡೆಯಲ್ಲಿರುವುದು 230. ಯಾಕೆ ಬೇಡ, ಮತ್ತೇನು ಮಾಡಬೇಕು ಅನ್ನುವುದನ್ನು ಕೊಂಚ ವಿವರವಾಗಿಯೇ ಹೇಳಬೇಕು.

ಮೊದಲು ಇದನ್ನು ಮಾಡಿದ ಮನುಷ್ಯನ ಪರಿಚಯ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಲಿಯೋ ಫೆಂಡರ್. ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ ಬರೆಯುವ ವಿದ್ಯೆ. ಕೆಲಸ ಹೋಯಿತು, 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ. ಎಂಜಿನಿಯರಿಂಗ್ ಡಿಗ್ರಿ ಇಲ್ಲ, ಗಿಟಾರ್ ನುಡಿಸಲೂ ಬರುತ್ತಿರಲಿಲ್ಲ! ಆದರೂ ಜಗತ್ತಿನ ಗಿಟಾರಿನ ಸದ್ದನ್ನೇ ಬದಲಾಯಿಸಿದ. (ಪಿಯುಸಿ ಅರ್ಧಕ್ಕೆ ಬಿಟ್ಟ ಈ ಬಡಪಾಯಿ ಲೇಖಕನಿಗೆ ಇಂಥವರ ಕಥೆ ಕೇಳಿದರೆ ಒಂದು ಗುಲಗಂಜಿ ತೂಕ ಧೈರ್ಯ ಜಾಸ್ತಿಯಾಗುತ್ತದೆ.) 1965ರಲ್ಲಿ ಕಂಪನಿಯನ್ನು ಸಿ.ಬಿ.ಎಸ್.ಗೆ ಮಾರಿದ, 1991ರಲ್ಲಿ ತೀರಿಕೊಂಡ. ಚಾಂಪ್ ಅವನ ಅತಿ ಚಿಕ್ಕ, ಅತಿ ಅಗ್ಗದ ಆಂಪ್ಲಿಫೈಯರುಗಳಲ್ಲೊಂದು, ಗಿಟಾರ್ ಕಲಿಯುವ ಹುಡುಗರಿಗೆಂದು ಮಾಡಿದ್ದು. ಶಕ್ತಿ ಸುಮಾರು ಐದು ವ್ಯಾಟ್. ಐವತ್ತರ ದಶಕದಿಂದ 1964ರವರೆಗೆ ನಡೆದ ಇದರ ಸರ್ಕ್ಯೂಟಿಗೆ '5ಎಫ್1' ಅಂತ ಹೆಸರು.

ಒಳಗೆ ಏನಿದೆ ಅಂತೀರಾ? ಬೆಚ್ಚಿಬೀಳುವಷ್ಟು ಕಡಿಮೆ. ಮೂರು ವಾಲ್ವು, ಎರಡು ಟ್ರಾನ್ಸ್‌ಫಾರ್ಮರು, ಬೆರಳೆಣಿಕೆಯ ಕಂಡೆನ್ಸರುಗಳು, ಒಂದಷ್ಟು ರೆಸಿಸ್ಟರುಗಳು. ಅಮೆರಿಕದವರು 'ಟ್ಯೂಬ್' ಅನ್ನುವುದನ್ನೇ ನಮ್ಮ ರೇಡಿಯೋ ಮೆಕ್ಯಾನಿಕ್ಕುಗಳು 'ವಾಲ್ವು' ಅಂತ ಕರೆದರು. ನಮ್ಮ ತಾತನ ಮನೆಯ ರೇಡಿಯೋ ಕಿವಿ ಹಿಂಡಿದ ಮೇಲೆ ಅರ್ಧ ನಿಮಿಷ ಸುಮ್ಮನಿದ್ದು ಆಮೇಲೆ ಮಾತಾಡುತ್ತಿತ್ತು, ನೆನಪಿದೆಯೇ? ಆ ಅರ್ಧ ನಿಮಿಷ ವಾಲ್ವು ಬಿಸಿಯಾಗುವ ಹೊತ್ತು. ವಾಲ್ವು ನಮಗೇನು ಹೊರಗಿನ ನೆಂಟನಲ್ಲ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, ಅದೇ ನಮ್ಮ ಬಿಇಎಲ್, 1961ರಲ್ಲಿ ರೇಡಿಯೋ ವಾಲ್ವು ತಯಾರಿಕೆ ಆರಂಭಿಸಿತ್ತು.

ವಾಲ್ವು ಕೆಲಸ ಮಾಡುವ ಬಗೆ ತಿಳಿಯಲು ಫಿಸಿಕ್ಸ್ ಪುಸ್ತಕ ಬೇಡ, ಮೊದಲ ದಿನದ ಮೊದಲ ಆಟಕ್ಕೆ ಹೋದ ಅನುಭವ ಸಾಕು. ಗಾಂಧಿ ಕ್ಲಾಸಿನ ಕ್ಯೂ ನೆನಪಿಸಿಕೊಳ್ಳಿ. ಹೊರಗೆ ಅಭಿಮಾನಿಗಳು ಕುದಿಯುತ್ತಿದ್ದಾರೆ, ಒಳಗೆ ತೆರೆ ಎಳೆಯುತ್ತಿದೆ, ನಡುವೆ ಬಾಗಿಲಲ್ಲಿ ಗೇಟ್‌ಕೀಪರು. ವಾಲ್ವಿನೊಳಗೂ ಹೀಗೇ. ಕೆಂಪಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಕುದಿದು ಹೊರಬರುತ್ತವೆ. ಎದುರಿಗಿರುವ ಪ್ಲೇಟಿನ ಮೇಲೆ ಮುನ್ನೂರು ವೋಲ್ಟಿನ ಆಸುಪಾಸಿನ ಧನ ಒತ್ತಡ, ಅದು ಅವುಗಳನ್ನು ಸೆಳೆಯುತ್ತದೆ. ನಡುವೆ ಸುರುಳಿ ತಂತಿಯ 'ಗ್ರಿಡ್', ಅವನೇ ಗೇಟ್‌ಕೀಪರು. ಅವನ ಕೈ ಒಂದಿಂಚು ಅಲ್ಲಾಡಿದರೆ ಒಳನುಗ್ಗುವ ಜನ ನೂರಾರು ಹೆಚ್ಚುಕಡಿಮೆ. ಗಿಟಾರಿನಿಂದ ಬರುವ ಪುಟ್ಟ ನಡುಕ ಅಲ್ಲಾಡಿಸುವುದು ಈ ಗೇಟ್‌ಕೀಪರನ ಕೈಯನ್ನು. ಆಚೆ ಬದಿಯಲ್ಲಿ ಅದೇ ನಡುಕ ಜನಸಾಗರವಾಗಿ ಕಾಣುತ್ತದೆ. ಅದೇ ಆಂಪ್ಲಿಫೈಯರು!

ಚಾಂಪಿನಲ್ಲಿ ಮೊದಲ ವಾಲ್ವು '12ಎಎಕ್ಸ್7'. ಒಂದೇ ಗಾಜಿನ ಬುರುಡೆಯಲ್ಲಿ ಎರಡು ಗೇಟು. ನಡುಕವನ್ನು ಎರಡು ಸಲ ದೊಡ್ಡದು ಮಾಡಿ ಮುಂದಕ್ಕೆ ಕೊಡುತ್ತದೆ. ಎರಡನೆಯದು '6ವಿ6', ಇದು ಪೈಲ್ವಾನ, ಸ್ಪೀಕರನ್ನು ಅಲ್ಲಾಡಿಸುವ ಶಕ್ತಿ ಇವನದ್ದು. ಮೂರನೆಯ '5ವೈ3' ಹಾಡುವುದೂ ಇಲ್ಲ ಕುಣಿಯುವುದೂ ಇಲ್ಲ, ಗೋಡೆಯ ಎ.ಸಿ. ಕರೆಂಟನ್ನು ಡಿ.ಸಿ. ಮಾಡಿ ಉಳಿದಿಬ್ಬರಿಗೆ ಊಟ ಹಾಕುತ್ತದೆ. ಜೋರಾಗಿ ಮೀಟಿದಾಗ ಈ ಊಟ ಬಡಿಸುವವನು ಒಂದು ಕ್ಷಣ ಏದುಸಿರು ಬಿಡುತ್ತಾನೆ, ವೋಲ್ಟೇಜು ಕುಸಿದು ಮತ್ತೆ ಏಳುತ್ತದೆ. ನುಡಿಸುವವನ ಬೆರಳಿಗೆ ಅದು ಗೊತ್ತಾಗುತ್ತದೆ, ಪೆಟ್ಟಿಗೆ ತನ್ನ ಜೊತೆ ಉಸಿರಾಡುತ್ತಿದೆ ಅನ್ನಿಸುತ್ತದೆ.

ಈಗ ಅಸಲು ವಿಷಯ. ನಾಬು ಪೂರ್ತಿ ತಿರುಗಿಸಿದರೆ ಏನಾಗುತ್ತದೆ? ಗೇಟು ಪೂರಾ ತೆರೆದಾಯಿತು, ಇನ್ನೂ ತೆರೆ ಅಂದರೆ ಎಲ್ಲಿಂದ ತೆರೆದಾನು? ಪೂರಾ ಮುಚ್ಚಿಯೂ ಆಯಿತು, ಇನ್ನೂ ಮುಚ್ಚು ಅಂದರೆ? ಸದ್ದಿನ ಅಲೆಯ ತಲೆ, ಬುಡ ಎರಡೂ ಚಪ್ಪಟೆಯಾಗುತ್ತವೆ. ಲೆಕ್ಕದ ಪ್ರಕಾರ ಇದು ದೋಷ. ಆದರೆ ವಾಲ್ವು ಕೊಡಲಿಯಿಂದ ಕಡಿದ ಹಾಗೆ ಕಡಿಯುವುದಿಲ್ಲ, ಕುಂಬಾರ ಮಡಕೆಯ ಅಂಚು ಸವರಿದ ಹಾಗೆ ದುಂಡಗೆ ಅದುಮುತ್ತದೆ. ಚಾಂಪಿನ ಹಾಗೆ ಒಂದೇ ಪವರ್ ವಾಲ್ವು ಇರುವ ಪೆಟ್ಟಿಗೆಯಲ್ಲಿ ಅಲೆಯ ತಲೆಯೂ ಬುಡವೂ ಒಂದೇ ಸಮ ಅದುಮಿಸಿಕೊಳ್ಳುವುದಿಲ್ಲ. ಆಗ ಮೂಲ ಸ್ವರದ ಜೊತೆ ಅದರ ಎರಡರಷ್ಟು ಕಂಪನದ ಸ್ವರ ಹುಟ್ಟುತ್ತದೆ. ಎರಡರಷ್ಟು ಅಂದರೆ ಏನು? ಷಡ್ಜಕ್ಕೆ ತಾರಷಡ್ಜ! ತಂಬೂರಿಯ ಒಂದೇ ತಂತಿಯಲ್ಲಿ ಮೇಲಿನ ಸ್ವರಗಳೂ ಗುಂಯ್‌ಗುಡುತ್ತವಲ್ಲ, ಅದೇ ವರಸೆ. ಕಿವಿಗೆ ಅಪಸ್ವರ ಅನ್ನಿಸುವುದಿಲ್ಲ, ದನಿ ತುಂಬಿಕೊಂಡಂತೆ ಕೇಳುತ್ತದೆ. ಅಗ್ಗದ ಟ್ರಾನ್ಸಿಸ್ಟರ್ ಬೋರ್ಡನ್ನು ಹೀಗೆ ಹಿಂಡಿ ನೋಡಿ, ತಗಡು ಹರಿದ ಸದ್ದು ಬರುತ್ತದೆ.

ದೋಷವೇ ದನಿಯಾದ ಕಥೆಗಳು ಬೇಕಾದಷ್ಟಿವೆ. 1951ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ 'ರಾಕೆಟ್ 88' ಹಾಡಿನ ಮುದ್ರಣಕ್ಕೆ ಬಂದ ವಿಲ್ಲಿ ಕಿಜಾರ್ಟನ ಆಂಪ್ಲಿಫೈಯರಿಗೆ ದಾರಿಯಲ್ಲೇ ಪೆಟ್ಟಾಗಿತ್ತು. ಅದರೊಳಗೆ ಕಾಗದ ತುರುಕಿ ನುಡಿಸಿದರು, ಆ ಒಡಕು ದನಿಯೇ ಹಾಡಿಗೆ ಖದರು ಕೊಟ್ಟಿತು. 1964ರಲ್ಲಿ ಲಂಡನ್ನಿನ 'ಕಿಂಕ್ಸ್' ತಂಡದ ಡೇವ್ ಡೇವಿಸ್ ಬೇಕಂತಲೇ ಬ್ಲೇಡಿನಿಂದ ಸ್ಪೀಕರಿನ ಕಾಗದ ಸೀಳಿದ! ಇನ್ನು ನಮ್ಮ ಚಾಂಪ್? 1970ರಲ್ಲಿ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ಎರಿಕ್ ಕ್ಲಾಪ್ಟನ್ 'ಲೈಲಾ' ಧ್ವನಿಮುದ್ರಣ ಮಾಡಿದಾಗ ಬಳಸಿದ್ದು ಇಂಥದೇ ಪುಟ್ಟ ಚಾಂಪು. ಲೈಲಾ ಅಂದರೆ ಅದೇ ಲೈಲಾ-ಮಜ್ನೂವಿನ ಲೈಲಾನೇ ಕಣ್ರೀ. ಮಕ್ಕಳು ಕಲಿಯಲೆಂದು ಮಾಡಿದ ಡಬ್ಬಿ ಅಂಥ ಪ್ರೇಮದ ಆರ್ತನಾದ ಹೊರಡಿಸಿತು. ಅದನ್ನು ಕಿತ್ತು ಬ್ಲೂಟೂತ್ ಕೂರಿಸುವುದೆಂದರೆ ವೀಣೆ ಒಡೆದು ಅದರ ಬುರುಡೆಯಲ್ಲಿ ರೇಡಿಯೋ ಇಟ್ಟ ಹಾಗೆ.

ಸರಿ, ರಿಪೇರಿಗೆ ಕೂರೋಣ. ಮೊದಲ ಕೆಲಸ ಸಿ.ಐ.ಡಿ. 999ರದ್ದು, ಅಂದರೆ ಪತ್ತೆ ಹಚ್ಚುವುದು. ಪೆಟ್ಟಿಗೆಯ ಒಳಗೋಡೆಯಲ್ಲಿ ವಾಲ್ವುಗಳ ಹೆಸರಿರುವ ಕಾಗದದ ಚೀಟಿ ಅಂಟಿಸಿರುತ್ತಾರೆ. ಅದರ ಮೇಲೆ ಎರಡು ಅಕ್ಷರದ ರಬ್ಬರ್ ಸ್ಟಾಂಪು ಇದ್ದರೆ ಅದೃಷ್ಟ. ಮೊದಲಕ್ಷರ ವರ್ಷ, 'ಎ' ಅಂದರೆ 1951. ಎರಡನೆಯದು ತಿಂಗಳು. 'ಎಚ್‌ಡಿ' ಅಂತಿದ್ದರೆ 1958ರ ಏಪ್ರಿಲ್! ಸ್ಪೀಕರಿನ ಚೌಕಟ್ಟಿನ ಮೇಲೂ ಅಂಕಿಗಳಿರುತ್ತವೆ. 220ರಿಂದ ಶುರುವಾದರೆ ಜೆನ್ಸನ್ ಕಂಪನಿ, 465 ಆದರೆ ಆಕ್ಸ್‌ಫರ್ಡ್. ಟ್ರಾನ್ಸ್‌ಫಾರ್ಮರಿನ ಮೇಲೆ 606 ಇದ್ದರೆ ಶೂಮೇಕರ್. ಆಮೇಲಿನ ಅಂಕಿಗಳು ವರ್ಷದ ಕೊನೆಯಂಕಿ, ವಾರ. ಎಲ್ಲ ತಾರೀಖೂ ಒಂದಕ್ಕೊಂದು ಹೊಂದಿದರೆ ಪೆಟ್ಟಿಗೆಯನ್ನು ಯಾರೂ ಕೆಡಿಸಿಲ್ಲ ಅಂತ ಅರ್ಥ. ಕೆಲವು ಪೆಟ್ಟಿಗೆಗಳೊಳಗೆ ಒಂದು ತುಂಡು ಟೇಪಿನ ಮೇಲೆ ಬೆಸುಗೆ ಹಾಕಿದ ಹೆಣ್ಣುಮಗಳ ಹೆಸರೂ ಇರುತ್ತದೆ. ಇದು ಯಂತ್ರ ಉಗುಳಿದ ಬೋರ್ಡಲ್ಲ, ಕೈಯಿಂದ ಒಂದೊಂದೇ ತಂತಿ ಜೋಡಿಸಿದ್ದು. ಮುಟ್ಟುವ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ.

ಇನ್ನು ಭಯದ ಮಾತು. ಇದು ತಮಾಷೆಯಲ್ಲ ಗೆಳೆಯರೇ. ಪ್ಲಗ್ ಕಿತ್ತ ಮೇಲೂ ಒಳಗಿನ ಫಿಲ್ಟರ್ ಕಂಡೆನ್ಸರುಗಳಲ್ಲಿ ಮುನ್ನೂರಕ್ಕೂ ಮಿಕ್ಕಿ ವೋಲ್ಟು ಹೆಬ್ಬಾವಿನ ಹಾಗೆ ಮಲಗಿರಬಹುದು. ವಾಲ್ವು ಕಿತ್ತಿಟ್ಟು ಪರೀಕ್ಷೆ ಮಾಡಿದ್ದರಂತೂ ಅದು ಇಳಿಯಲು ದಾರಿಯೇ ಇರುವುದಿಲ್ಲ. ಒಂದು ದಪ್ಪ ರೆಸಿಸ್ಟರನ್ನು, ಹತ್ತು ಸಾವಿರ ಓಮಿನದ್ದು ಸಾಕು, ಇನ್ಸುಲೇಷನ್ ಇರುವ ಕ್ಲಿಪ್ಪಿನಿಂದ ಕಂಡೆನ್ಸರಿಗೂ ಚಾಸಿಗೂ ನಡುವೆ ಹಿಡಿದು ಇಳಿಸಿ. ಆಮೇಲೆ ಮೀಟರಿನಲ್ಲಿ ಸೊನ್ನೆ ನೋಡಿ. ಕರೆಂಟಿರುವಾಗ ಅಳೆಯಬೇಕಾದರೆ ಎಡಗೈ ಜೇಬಿನಲ್ಲಿರಲಿ, ಎರಡು ಕೈಯೂ ಮುಟ್ಟಿದರೆ ಕರೆಂಟು ಎದೆಯ ಮೂಲಕವೇ ಹಾಯುತ್ತದೆ. ಇದಾವುದೂ ಅಭ್ಯಾಸವಿಲ್ಲದವರು ಪೆಟ್ಟಿಗೆ ತೆರೆಯಲೇಬೇಡಿ. ಊರಿನಲ್ಲಿ ಹಳೇ ವಾಲ್ವು ರೇಡಿಯೋ ರಿಪೇರಿ ಮಾಡುತ್ತಿದ್ದ ಯಜಮಾನರೊಬ್ಬರು ಇನ್ನೂ ಇದ್ದಾರೆಯೇ ಹುಡುಕಿ, ಕಾಫಿ ಕೊಡಿಸಿ, ಪಕ್ಕದಲ್ಲಿ ಕೂತು ನೋಡಿ. ಚಾಂಪಿನ ಸರ್ಕ್ಯೂಟು ಅವರಿಗೆ ಹತ್ತು ನಿಮಿಷದ ಓದು.

ಎರಡನೆಯ ಯಮ, ಎರಡು ಪಿನ್ನಿನ ಹಳೇ ವೈರು. ಆ ಕಾಲದ ಅನೇಕ ಆಂಪ್ಲಿಫೈಯರುಗಳಲ್ಲಿ ಮೇನ್ಸಿನಿಂದ ಚಾಸಿಗೆ ಒಂದು ಕಂಡೆನ್ಸರು ಹಾಕಿರುತ್ತಿದ್ದರು. ಅದು ಶಾರ್ಟ್ ಆದರೆ ಇಡೀ ಚಾಸಿಗೆ ಕರೆಂಟು, ಅಲ್ಲಿಂದ ಗಿಟಾರಿನ ತಂತಿಗೆ, ತಂತಿಯಿಂದ ನಿಮ್ಮ ಬೆರಳಿಗೆ. ಮೆಕ್ಯಾನಿಕ್ಕುಗಳು ಇಂಗ್ಲಿಷಿನಲ್ಲಿ ಇದನ್ನು 'ಡೆತ್ ಕ್ಯಾಪ್' ಅಂತಲೇ ಕರೆಯುತ್ತಾರೆ. ಇದ್ದರೆ ಕಿತ್ತೆಸೆಯಿರಿ, ಮೂರು ಪಿನ್ನಿನ ವೈರು ಹಾಕಿಸಿ, ಹಸಿರು ತಂತಿಯನ್ನು ಚಾಸಿಗೆ ಭದ್ರವಾಗಿ ಬಿಗಿಯಿರಿ. 'ಸ್ಟೋನ್ ದ ಕ್ರೋಸ್' ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆ, ಜನರ ಕಣ್ಣೆದುರೇ, ಸರಿಯಾದ ಅರ್ಥಿಂಗ್ ಇಲ್ಲದ ಮೈಕು ಮುಟ್ಟಿ ಪ್ರಾಣ ಬಿಟ್ಟ. ನಮ್ಮ ಆರ್ಕೆಸ್ಟ್ರಾ ಹುಡುಗರು ಪೆಂಡಾಲಿನಲ್ಲಿ, ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕಂಬದಿಂದ ಎಳೆದ ಕರೆಂಟಿನಲ್ಲಿ ನುಡಿಸುವುದನ್ನು ನೋಡಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ.

ಈಗ ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಮುಟ್ಟಬಾರದು? ವಯಸ್ಸಾದ ಮೇಲೆ ನಿಜಕ್ಕೂ ಸಾಯುವುದು ಎಲೆಕ್ಟ್ರೋಲಿಟಿಕ್ ಕಂಡೆನ್ಸರು. ಚಾಂಪಿನಲ್ಲಿ 16, 8, 8 ಮೈಕ್ರೋಫ್ಯಾರಡ್‌ನವು ಮೂರು ಇರುತ್ತವೆ. ಒಳಗಿನ ರಸಾಯನ ಒಣಗಿ ಗುಂಯ್ ಅನ್ನುವ ಹಮ್ ಬರುತ್ತದೆ, ಗ್ರಹಚಾರ ಕೆಟ್ಟರೆ ಶಾರ್ಟ್ ಆಗಿ ಸಿಡಿದು ಟ್ರಾನ್ಸ್‌ಫಾರ್ಮರನ್ನೂ ಕರೆದುಕೊಂಡು ಹೋಗುತ್ತದೆ. ಇವುಗಳ ಮೇಲೆ ಕರುಣೆ ಬೇಡ. ಅಷ್ಟೇ ಬೆಲೆಯ, 450 ವೋಲ್ಟಿಗೆ ಕಡಿಮೆಯಿಲ್ಲದ ಹೊಸವನ್ನು ಹಾಕಿ. ವೋಲ್ಟೇಜಿನ ಅಂಕಿ ಹೆಚ್ಚಿದ್ದರೆ ಚಿಂತೆಯಿಲ್ಲ, ಕಡಿಮೆ ಇದ್ದರೆ ಪಟಾಕಿ. ಹಳೆಯವನ್ನು ಎಸೆಯದೆ ಒಂದು ಪೊಟ್ಟಣದಲ್ಲಿ ಕಟ್ಟಿ ಪೆಟ್ಟಿಗೆಯಲ್ಲೇ ಇಡಿ, ಮುಂದೆ ತೆರೆಯುವವನಿಗೆ ಅದೇ ಜಾತಕ.

ಹಳದಿ ಬಣ್ಣದ 'ಆಸ್ಟ್ರಾನ್' ಕಂಡೆನ್ಸರುಗಳ ವಿಷಯ ಬೇರೆ. ಒಂದು ವಾಲ್ವಿನಿಂದ ಇನ್ನೊಂದಕ್ಕೆ ಸದ್ದನ್ನು ದಾಟಿಸಿ, ಡಿ.ಸಿ.ಯನ್ನು ತಡೆಯುವುದು ಇವುಗಳ ಕೆಲಸ. ಹಳೆಯದೆಂದು ಕಣ್ಣುಮುಚ್ಚಿ ಕೀಳಬೇಡಿ, ಪರೀಕ್ಷೆ ಮಾಡಿ. 6ವಿ6ರ ಗ್ರಿಡ್ಡಿನಲ್ಲಿ ಡಿ.ಸಿ. ವೋಲ್ಟೇಜು ಹೆಚ್ಚುಕಡಿಮೆ ಸೊನ್ನೆಯಿದ್ದರೆ ಅದು ನಿಯತ್ತಿನ ಆಳು. ಧನ ವೋಲ್ಟೇಜು ಕಂಡರೆ ಸೋರುತ್ತಿದೆ. ಗೇಟ್‌ಕೀಪರನಿಗೆ ಲಂಚ ಕೊಟ್ಟ ಹಾಗೆ, ಬಾಗಿಲು ಸದಾ ತೆರೆದು ಪ್ಲೇಟು ಕೆಂಪಗೆ ಕಾದು ವಾಲ್ವು ಹಾಳಾಗುತ್ತದೆ. ಆಗ ಮಾತ್ರ ಬದಲಿಸಿ.

6ವಿ6ರ ಆರೋಗ್ಯ ನೋಡಲು ಹೈಸ್ಕೂಲಿನ ಓಮನ ನಿಯಮ ಸಾಕು. ಅದರ ಕ್ಯಾಥೋಡಿಗೆ 470 ಓಮಿನ ರೆಸಿಸ್ಟರಿದೆ. ಅದರ ಮೇಲೆ 19 ವೋಲ್ಟ್ ಕಂಡರೆ, 19ನ್ನು 470ರಿಂದ ಭಾಗಿಸಿ, ಸುಮಾರು 40 ಮಿಲಿಆಂಪ್. ಮುನ್ನೂರು ವೋಲ್ಟಿನಿಂದ ಗುಣಿಸಿ, 12 ವ್ಯಾಟ್. ಹಳೇ ಹ್ಯಾಂಡ್‌ಬುಕ್ಕುಗಳು ಈ ವಾಲ್ವಿಗೆ ಹಾಕಿದ ಮಿತಿಯೂ ಅದೇ 12! ಅಂದರೆ ನೀವು ನುಡಿಸಲಿ ಬಿಡಲಿ, ಈ ಪೈಲ್ವಾನ ದಿನವಿಡೀ ಗರಡಿಯಲ್ಲಿ ಬೆವರಿಳಿಸುತ್ತಲೇ ಇರುತ್ತಾನೆ. ಅದರಲ್ಲಿ ಸದ್ದಾಗಿ ಹೊರಬರುವುದು ಐದು ವ್ಯಾಟು, ಉಳಿದದ್ದೆಲ್ಲ ಬಿಸಿ. ರೆಸಿಸ್ಟರಿನ ಬೆಲೆಯೂ ವರ್ಷಗಳು ಕಳೆದಂತೆ ಏರಿರುತ್ತದೆ, ಅದನ್ನು ಮೊದಲು ಅಳೆದೇ ಲೆಕ್ಕ ಹಾಕಿ.

ಮುಟ್ಟಬಾರದ ಪಟ್ಟಿಯಲ್ಲಿ ಮೊದಲನೆಯದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು, ಆಮೇಲೆ ಸ್ಪೀಕರು. ಪೆಟ್ಟಿಗೆಯ ದನಿಯಲ್ಲಿ ಬಹುಪಾಲು ಇವೆರಡರದ್ದೇ. ಸ್ಪೀಕರಿನ ಕಾಗದ ಸ್ವಲ್ಪ ಹರಿದಿದ್ದರೆ ತೆಳು ಕಾಗದ, ಅಂಟಿನಿಂದ ತೇಪೆ ಹಾಕಬಹುದು. ಸ್ಪೀಕರ್ ಜೋಡಿಸದೆ ಮಾತ್ರ ಎಂದೂ ಆನ್ ಮಾಡಬೇಡಿ, ಶಕ್ತಿಗೆ ಹೋಗಲು ದಾರಿಯಿಲ್ಲದೆ ಅದು ಟ್ರಾನ್ಸ್‌ಫಾರ್ಮರಿನ ಮೇಲೆಯೇ ತಿರುಗಿ ಬೀಳುತ್ತದೆ. ಟ್ವೀಡ್ ಬಟ್ಟೆಯನ್ನು ತೊಳೆಯಲೂ ಬೇಡಿ, ಪಾಲಿಷೂ ಬೇಡ, ದೊಡ್ಡಪ್ಪನವರ ಸಿಗರೇಟಿನ ಕಲೆಯಿದ್ದರೆ ಇರಲಿ ಬಿಡಿ. ವಾಲ್ವು ಸಿಗುತ್ತದೆಯೇ ಅನ್ನುವ ಚಿಂತೆಯೂ ಬೇಡ, ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ಇಂದಿಗೂ ತಯಾರಾಗುತ್ತಿವೆ.

ಕೊನೆಗೆ ಬಿಡುಗಡೆಯ ದಿನ. 230ನ್ನು 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರು ಕಡ್ಡಾಯ, ಅದಕ್ಕೂ ಅರ್ಥಿಂಗ್ ಇರಬೇಕು. ಅದರ ಹಿಂದೆ, 230ರ ಕಡೆಗೆ, ಎಲ್ಲ ರಿಪೇರಿ ಅಂಗಡಿಯಲ್ಲೂ ಇರುವ ಸೀರೀಸ್ ಬಲ್ಬು, ಹಳೇ ಕಾಲದ 60 ವ್ಯಾಟಿನ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಮೊದಲು ವಾಲ್ವಿಲ್ಲದೆ ಆನ್ ಮಾಡಿ. ಬಲ್ಬು ಫಳಕ್ಕೆಂದು ಮಿಂಚಿ ಮಂಕಾದರೆ ಟ್ರಾನ್ಸ್‌ಫಾರ್ಮರು ಕ್ಷೇಮ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟು, ತಕ್ಷಣ ಆಫ್. ಆಮೇಲೆ ಮೂರೂ ವಾಲ್ವು ಹಾಕಿ, ಸ್ಪೀಕರ್ ಜೋಡಿಸಿ, ನಾಬು ಕಡಿಮೆಯಲ್ಲಿಟ್ಟು ಮತ್ತೆ ನೋಡಿ. ಎಲ್ಲ ಸರಿಯಿದ್ದರೆ ಬಲ್ಬು ತೆಗೆದು ನೇರ ಕರೆಂಟು ಕೊಡಿ. ಒಂದು ನಿಮಿಷದೊಳಗೆ ಗಾಜಿನೊಳಗೆ ಕೆಂಡದ ಬಣ್ಣ ಮೂಡುತ್ತದೆ, ಸ್ಪೀಕರಿನಿಂದ ಸಣ್ಣಗೆ ಉಸಿರು ಕೇಳುತ್ತದೆ. ನಾಬು ತಿರುಗಿಸಿದಾಗ ಕರಕರ ಅಂದರೆ ಗಾಬರಿ ಬೇಡ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಪಿಚಕಾರಿ ಸಾಕು.

ಆಮೇಲೆ ಗಿಟಾರ್ ಸಿಕ್ಕಿಸಿ, ಮೆಲ್ಲಗೆ ಏರಿಸಿ. ಐದು ವ್ಯಾಟು ಏನು ಮಹಾ ಅಂದುಕೊಂಡು ಒಮ್ಮೆಲೇ ತಿರುಗಿಸಬೇಡಿ, ಪಕ್ಕದ ಮನೆಯ ಅಜ್ಜಿಗೂ ಕೇಳುತ್ತದೆ. 1984ರ 'ದಿಸ್ ಈಸ್ ಸ್ಪೈನಲ್ ಟ್ಯಾಪ್' ಎಂಬ ಹಾಸ್ಯಚಿತ್ರದಲ್ಲಿ ಒಬ್ಬ ಗಿಟಾರಿಸ್ಟ್, ಎಲ್ಲರ ಆಂಪ್ಲಿಫೈಯರಿನ ನಾಬು 10ರವರೆಗೆ, ನನ್ನದು 11ರವರೆಗೆ ಹೋಗುತ್ತದೆ ಅಂತ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾನೆ. ಥಿಯೇಟರೆಲ್ಲ ಗೊಳ್ ಅಂದಿತು. ನಿಮ್ಮ ದೊಡ್ಡಪ್ಪನವರ ಪುಟ್ಟ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಸ್ವಲ್ಪ ಧೂಳು ಒರೆಸಿ ಓದಿ ನೋಡಿ. ಲಿಯೋ ಫೆಂಡರ್ ಅದರಲ್ಲಿ 12ರವರೆಗೆ ಬರೆಸಿದ್ದಾನೆ!